ಐದು ಊರಿನ ತಲೆಸಾಲು

ಜನವರಿ 4, 2026, ಭಾನುವಾರ

ಬರೆಯಬೇಕಂತೆ. ದಿನಾ ಏನು ಮಾಡಿದೆ, ಏನು ಬದಲಿಸಿದೆ, ಯಾಕೆ ಬದಲಿಸಿದೆ ಎಂದು ತಾರೀಖು ಹಾಕಿ ಬರೆದಿಡಬೇಕಂತೆ. ಹೇಳಿದವಳು ನನ್ನ ಸೊಸೆ ನಾಹಿದ, ಇಲ್ಲಿ ಶಹಾಬಾದದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಾನು ಐದನೇ ಇಯತ್ತೆಯಲ್ಲಿ ಸ್ಲೇಟು ಬಿಸಾಡಿ ಪ್ರೆಸ್ಸಿಗೆ ಸೇರಿದವನು. ಮಂದಿ ಬರೆದದ್ದನ್ನು ಜೀವಮಾನವಿಡೀ ಸೀಸದಲ್ಲಿ ಜೋಡಿಸಿದ್ದೇನೆ, ನನ್ನದು ಅಂತ ಒಂದು ಸಾಲು ಬರೆದಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಇನ್ನೂರು ಪುಟದ ನೋಟುಬುಕ್ಕು ಕೈಗೆ ಕೊಟ್ಟು ಹೋಂವರ್ಕ್ ಹಾಕಿದ್ದಾಳೆ. ತಾನು ಓದುವುದಿಲ್ಲವಂತೆ. ಓದದವಳು ಯಾಕೆ ಬರೆಸಬೇಕು?

ವಿಷಯ ಇಷ್ಟು. ರಂಜಾನ್ ಕಾರ್ಡು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಐದೂ ಊರಿಗೆ ಸೇರಿ ಒಂದೇ ಕಾರ್ಡು. ಮೂವತ್ತು ರೋಜಾಕ್ಕೆ, ಅಂದರೆ ಮೂವತ್ತು ಉಪವಾಸಕ್ಕೆ, ಮೂವತ್ತು ಸಾಲು. ಒಂದೊಂದು ಊರಿಗೆ ಎರಡು ಅಂಕಣ: ಬೆಳಗಿನ ಸಹರಿ ಊಟ ಎಷ್ಟಕ್ಕೆ ಮುಗಿಸಬೇಕು, ಸಂಜೆ ಇಫ್ತಾರ್ ಎಷ್ಟಕ್ಕೆ ಮಾಡಬೇಕು. ಚಿಂಚೋಳಿ ಮೂಡಲಿಗಿದೆ. ಅಲ್ಲಿ ಹೊತ್ತು ನಮಗಿಂತ ಎರಡು ನಿಮಿಷ ಮೊದಲು ಹುಟ್ಟುತ್ತದೆ, ಎರಡು ನಿಮಿಷ ಮೊದಲು ಮುಳುಗುತ್ತದೆ. ಎರಡು ನಿಮಿಷ ಏನು ಮಹಾ ಅನ್ನುವವರು ಒಂದು ದಿನ ರೋಜಾ ಹಿಡಿದು ನೋಡಲಿ. ನಲವತ್ತೊಂದು ವರ್ಷದಿಂದ ಆ ಕಾರ್ಡು ಜೋಡಿಸುತ್ತಿರುವವನು ನಾನು. ಅಡಿಯಲ್ಲಿ ಸಣ್ಣಕ್ಷರದಲ್ಲಿ 'ಜೋಡಣೆ: ಗನಿಸಾಬ, ಶಹಾಬಾದ' ಎಂದಿರುತ್ತದೆ.

ಹೋದ ವರ್ಷದ ಕಾರ್ಡು ಕೆಟ್ಟಿತು. ಮೇಲೆ ಒಂದು ಊರಿನ ಹೆಸರು, ಕೆಳಗೆ ಇನ್ನೊಂದು ಊರಿನ ಅಂಕಿ. ಅಚ್ಚು ಮಾಡಿದ್ದು ಸಿದ್ದಲಿಂಗೇಶನ ಕಂಪ್ಯೂಟರ್ ಅಂಗಡಿ. ಈದ್ ಆಗಿಹೋದ ಮೇಲೆ ಸೇಡಂನ ಯಾರೋ ಮೊಬೈಲ್ ನೋಡಿ ಪತ್ತೆ ಮಾಡಿದರು. ಸೇಡಂದು, ಚಿಂಚೋಳಿಯದು ತಪ್ಪು ಎಂದು ಸುದ್ದಿ ಬಂತು.

ನನ್ನ ತಂಗಿ ಜೈತುನ್‌ಬೀ ಇರುವುದು ಚಿಂಚೋಳಿ ತಾಲೂಕಿನ ಐನಾಪುರದಲ್ಲಿ. ಅವಳು ಮೊಬೈಲ್ ನೋಡುವವಳಲ್ಲ. ಅಡುಗೆಮನೆಯ ಗೋಡೆಗೆ ನನ್ನ ಕಾರ್ಡು, ಅದರ ಮೇಲೆ ಗಡಿಯಾರ. ಕಾರ್ಡು ಹೇಳಿದ ಕೊನೆಯ ನಿಮಿಷಕ್ಕೆ ಸರಿಯಾಗಿ ಒಂದು ಲೋಟ ನೀರು ಕುಡಿದು ಲೋಟ ಬೋರಲು ಹಾಕುವುದು ಅವಳ ರೂಢಿ. ಹೋದ ವರ್ಷ ಇಪ್ಪತ್ತೊಂಬತ್ತು ದಿನವೂ ಆ ನೀರು ಹೊತ್ತು ಮೀರಿ ಗಂಟಲಿಗಿಳಿದಿದೆ. ಅದಕ್ಕೆ ಇಪ್ಪತ್ತೊಂಬತ್ತು ರೋಜಾವನ್ನೂ ಮತ್ತೆ ಹಿಡಿಯುತ್ತಿದ್ದಾಳೆ, ನವೆಂಬರಿನಿಂದ ಸೋಮವಾರಕ್ಕೊಂದು, ಗುರುವಾರಕ್ಕೊಂದು. ಹದಿನಾರು ಆಗಿವೆ, ಹದಿಮೂರು ಉಳಿದಿವೆ. ಅರವತ್ತೆಂಟು ವರ್ಷದ ಹೆಂಗಸು. ಎಲ್ಲ ಆ ಸಿದ್ದಲಿಂಗೇಶನ ದೆಸೆಯಿಂದ. ಅಂಗಡಿಯಲ್ಲಿ ನಾಲ್ಕು ಮಂದಿಯ ಎದುರು ಅವನ ಮಾನ ತೆಗೆದು ಬಂದಿದ್ದೇನೆ. ಬಾಯಿ ಬಿಡಲಿಲ್ಲ. ತಪ್ಪಿದ್ದವನು ಹೇಗೆ ಬಿಟ್ಟಾನು?

ಕಾರ್ಡು ಹೊರಡಿಸುವ ಸಮಿತಿಯ ಅಧ್ಯಕ್ಷರು ವಾಡಿಯ ಗುಲಾಮ್ ರಸೂಲ್, ರೈಲ್ವೆಯಲ್ಲಿ ಗಾರ್ಡ್ ಆಗಿ ರಿಟೈರ್ ಆದವರು. ಈ ವರ್ಷದ ಕಾರ್ಡು ಕಲಬುರಗಿಯಲ್ಲಿ ಮಾಡಿಸುತ್ತೇವೆ ಎಂದರು. ನಾನು ಬಿಡಲಿಲ್ಲ. ಹಾಗಾದರೆ ಫೆಬ್ರವರಿ ಒಂದಕ್ಕೆ ನಮೂನೆ ತನ್ನಿ, ಒಂದು ಅಂಕಿ ತಪ್ಪಿದರೂ ಕಲಬುರಗಿಯವರಿಗೆ ಎಂದರು. ಸಿದ್ದಲಿಂಗೇಶನ ಮೆಟ್ಟಿಲು ನಾನು ತುಳಿಯುವುದಿಲ್ಲ. ನಾಹಿದ ತನ್ನ ಪ್ರಶ್ನೆಪತ್ರಿಕೆಗಳನ್ನು ಲ್ಯಾಪ್‌ಟಾಪಿನಲ್ಲಿ ಲೇಟೆಕ್ ಎಂಬ ಅಕ್ಷರ ಜೋಡಿಸುವ ತಂತ್ರಾಂಶದಲ್ಲಿ ಮಾಡುತ್ತಾಳೆ. ಒಂದು ತಾಸಿನಲ್ಲಿ ಮಾಡಿಕೊಡುತ್ತೇನೆ ಎಂದಳು. ನೀನು ಮಾಡಬೇಡ, ನನಗೆ ತೋರಿಸು, ಜೋಡಿಸುವುದು ನಾನು ಎಂದೆ. ಅದಕ್ಕೆ ಈ ನೋಟುಬುಕ್ಕು.

ಬರೆದೆ. ಸಾಕು.

ಜನವರಿ 6, ಮಂಗಳವಾರ

ಪಟ್ಟಿ ಮಾಡುವ ಕೆಲಸ, ಆದರೆ ಮಾಡುವಾಗ ಪಟ್ಟಿ ಕಾಣುವುದೇ ಇಲ್ಲ. ಬರೀ ಮಾತಿನಲ್ಲಿ ಹೇಳಬೇಕು. ಇಲ್ಲಿ ಪಟ್ಟಿ ಶುರು, ಇಷ್ಟು ಅಂಕಣ, ಇದು ನಡುವೆ ನಿಲ್ಲಲಿ, ಇದು ಬಲಕ್ಕೆ ಒತ್ತಲಿ. ಒಂದು ಅಂಕಣ ಮುಗಿದು ಇನ್ನೊಂದು ಶುರುವಾಗುವ ಕಡೆ & ಗುರುತು. ಸಾಲು ಮುಗಿದಲ್ಲಿ ಹಿಂದಕ್ಕೆ ವಾಲಿದ ಎರಡು ಗೀಟು. ಎಲ್ಲ ಹೇಳಿ ಮುಗಿಸಿ ಗುಂಡಿ ಒತ್ತಿದರೆ ಆಗ ಪಟ್ಟಿ ಎದ್ದು ಬರುತ್ತದೆ.

ಇದು ನಿಮಗೆ ಹೊಸದು, ನಿಧಾನ ಹೋಗೋಣ ಎಂದು ನಾಹಿದ ಹೇಳುತ್ತಿದ್ದಳು. ಏನು ಹೊಸದು? ಸೀಸದಲ್ಲಿ ಜೋಡಿಸುವಾಗ ನಾನೇನು ಪಟ್ಟಿ ನೋಡುತ್ತಿದ್ದೆನೇ? ಅಚ್ಚುಮೊಳೆ ನೋಡುತ್ತಿದ್ದೆ. ಮಸಿ ಬಳಿದು ಕಾಗದ ಒತ್ತಿದ ಮೇಲೆಯೇ ಪಟ್ಟಿ. ನಡುವೆ ಬಂದ ಕಂಪ್ಯೂಟರ್ ಅಂಗಡಿಯವರು ಎಲ್ಲವನ್ನೂ ಕಣ್ಣೆದುರು ಎಳೆದಾಡುವ ಆಟ ಮಾಡಿಕೊಂಡರು. ಇದು ನಮ್ಮ ಕಸುಬು, ಇಷ್ಟು ವರ್ಷ ಎಲ್ಲೋ ಹೋಗಿತ್ತು.

& ಮೊಳೆ ನನ್ನ ಇಂಗ್ಲಿಷ್ ಮೊಳೆಪೆಟ್ಟಿಗೆಯ ಮೂಲೆಮನೆಯಲ್ಲಿ ಧೂಳು ತಿನ್ನುತ್ತಿತ್ತು. 'ಅಂಡ್ ಸನ್ಸ್' ಎಂದು ಹೆಸರಿಟ್ಟುಕೊಂಡ ಅಂಗಡಿಯವರ ಬಿಲ್‌ಬುಕ್ಕಿಗೆ ಮಾತ್ರ ಹೊರಗೆ ಬರುತ್ತಿತ್ತು. ಇಲ್ಲಿ ಅದೇ ಯಜಮಾನ. ರೋಜಾದ ಸಂಖ್ಯೆ ಒಂದು ಅಂಕಣ, ತಾರೀಖು ಒಂದು, ಐದು ಊರಿನವು ಹತ್ತು. ಹನ್ನೆರಡು ಅಂಕಣಕ್ಕೆ ಹನ್ನೊಂದು ಗುರುತು.

ಮೊದಲನೇ ಸಾಲಿಗೇ ಹನ್ನೆರಡು ಹಾಕಿದೆ. ಯಂತ್ರ ಕೆಂಪಕ್ಷರದಲ್ಲಿ ಬೈಯಿತು. ನಾನೂ ಬೈದೆ.

"ಅದಕ್ಕ ಕನ್ನಡ ತಿಳಿಯೂದಿಲ್ಲ ಅಬ್ಬಾ," ಎಂದು ನಾಹಿದ ಒಲೆಯ ಮುಂದಿನಿಂದಲೇ ಹೇಳಿದಳು. "ಗುರುತು ಎಣಸ್ರಿ."

ಜನವರಿ 9, ಶುಕ್ರವಾರ

ಇವತ್ತು ಒಂದು ಸಂಗತಿ ಗೊತ್ತಾಯಿತು, ಬರೆದಿಡುವಂಥದ್ದು. ಗುರುತು ಹೆಚ್ಚಾದರೆ ಯಂತ್ರ ಬೈಯುತ್ತದೆ. ಕಡಿಮೆಯಾದರೆ ಏನೂ ಅನ್ನುವುದಿಲ್ಲ. ಆರನೇ ಸಾಲಿನಲ್ಲಿ ಒಂದು ಗುರುತು ಬಿಟ್ಟಿದ್ದೆ. ಸಹರಿ, ಇಫ್ತಾರ್ ಎರಡೂ ಒಂದೇ ಮನೆಯಲ್ಲಿ ತುರುಕಿಕೊಂಡು, ಮುಂದಿನ ಅಂಕಿಗಳೆಲ್ಲ ಒಂದೊಂದು ಮನೆ ಎಡಕ್ಕೆ ಸರಿದು, ಕೊನೆಯ ಮನೆ ಖಾಲಿ. ಆದರೂ ಅಂದವಾಗಿಯೇ ಮೂಡಿತು. ಕೊನೆಯ ಖಾಲಿ ಮನೆ ನೋಡದೆ ಹೋಗಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಬೈಯುವ ತಪ್ಪಿಗೆ ಹೆದರಬೇಕಿಲ್ಲ. ಸುಮ್ಮನಿರುವ ತಪ್ಪನ್ನು ಹುಡುಕಬೇಕು. ಸಿದ್ದಲಿಂಗೇಶನಿಗೆ ಯಾರಾದರೂ ಇದನ್ನು ಹೇಳಿಕೊಡಬೇಕಿತ್ತು.

ಜನವರಿ 12, ಸೋಮವಾರ

ತಲೆಸಾಲು ಕೂಡಿಸಿದೆ. ಒಂದು ಊರಿನ ಹೆಸರು ಎರಡು ಅಂಕಣದ ಮೇಲೆ ಹಾಸಿಕೊಳ್ಳಬೇಕು. ಅದಕ್ಕೆ ಒಂದು ಮಾತಿದೆ, ಮಲ್ಟಿಕಾಲಮ್ ಎಂದು. ಎಷ್ಟು ಅಂಕಣ ತಿನ್ನಬೇಕು ಎಂದು ಸಂಖ್ಯೆ ಕೊಟ್ಟರೆ ಅಷ್ಟನ್ನು ತಿಂದು ನಡುವೆ ಕೂರುತ್ತದೆ. ಸೀಸದಲ್ಲಿ ಇದಕ್ಕೆ ಅರ್ಧ ದಿನ ಹೋಗುತ್ತಿತ್ತು. ಜಾಗ ತುಂಬುವ ಬಿಲ್ಲೆ ತುರುಕು, ಅಳೆ, ತೆಗೆ, ಮತ್ತೆ ತುರುಕು. ಇಲ್ಲಿ ಎರಡು ಎಂದು ಬರೆದರೆ ಮುಗಿಯಿತು. ನನಗೆ ಹಿಡಿಸಿತು. ನಾಹಿದಳಿಗೆ ಹೇಳಲಿಲ್ಲ.

ನಾನು ಹೆಸರುಗಳನ್ನು ಚಿಂಚೋಳಿಯಿಂದ ಶುರು ಮಾಡಿ ಶಹಾಬಾದಕ್ಕೆ ಮುಗಿಸಿದ್ದೆ. ಅವಳು ನೋಡಿ, ಸಮಿತಿ ಕಳಿಸಿದ ಹಾಳೆಯಲ್ಲಿ ಅಂಕಿಗಳು ಶಹಾಬಾದದಿಂದ ಶುರುವಾಗುತ್ತವಲ್ಲ ಎಂದಳು. ಕಲ್ಲಿನ ಮೇಲೆ ಹೀಗೇ ಇರುತ್ತದೆ ಎಂದೆ. ಯಾವ ಕಲ್ಲು ಎಂದಳು. ಗಣಿತದ ಟೀಚರಿಗೆ ಎಲ್ಲ ಬಿಡಿಸಿ ಹೇಳಬೇಕು. ಪ್ರೆಸ್ಸಿನಲ್ಲಿ ಜೋಡಿಸಿದ ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿದು ಮಲಗಿಸುವುದು ಹಾಸುಗಲ್ಲಿನ ಮೇಲೆ, ನಮ್ಮೂರಿನ ಗಣಿಯದೇ ಕಲ್ಲು. ಸೀಸದಲ್ಲಿ ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ. ಕಾಗದದ ಮೇಲೆ ಎಡಕ್ಕೆ ಬರಬೇಕಾದ್ದು ಕಲ್ಲಿನ ಮೇಲೆ ಬಲಕ್ಕಿರಬೇಕು. ಅಂಕಿಗಳ ಚೌಕಟ್ಟು ಬೇರೆ, ತಲೆಸಾಲು ಬೇರೆ. ತಲೆಸಾಲಿನ ಹೆಸರುಗಳನ್ನು ಒಂದು ಚೀಟಿಯಲ್ಲಿ ಕಲ್ಲಿನ ಮೇಲೆ ಕಾಣುವ ಹಾಗೇ ಬರೆದು ಕೊಡುತ್ತಿದ್ದೆ. ಕೂಡಿಸುವವನು ಕಂಡಂತೆ ಇಟ್ಟರಾಯಿತು. ಎಂದೂ ತಪ್ಪಿದ್ದಿಲ್ಲ.

"ಇಲ್ಲಿ ಕಲ್ಲಿಲ್ಲಲ್ಲ ಅಬ್ಬಾ," ಎಂದಳು.

ಗೊತ್ತಿದೆ, ಕೈರೂಢಿ ಎಂದೆ. ಹೆಸರು ತಿರುವಿ ಹಾಕಿದೆವು. ಅಷ್ಟಕ್ಕೆ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಏನು ಎಂದೆ. ಏನಿಲ್ಲ ಎಂದು ಚಹಾಕ್ಕೆ ಇಟ್ಟಳು.

ಜನವರಿ 15, ಗುರುವಾರ

ಎಂಟು ಸಾಲು. ಬೇರೇನೂ ಇಲ್ಲ.

ಜನವರಿ 16, ಶುಕ್ರವಾರ

ಜುಮ್ಮಾ ನಮಾಜಿಗೆ ಹೋದಾಗ ನಮ್ಮ ಮಸೀದಿಯಲ್ಲಿ ಆಜಾನ್ ಕೂಗುವ ಮೌಜನ್ ಸಿಕ್ಕ. ಹೋದ ವರ್ಷ ಇವನ ಇಫ್ತಾರ್ ಸೈರನ್ ದಿನಾ ಎರಡು ನಿಮಿಷ ತಡ. ಎರಡನೇ ರೋಜಾಕ್ಕೇ ಹೋಗಿ ಕಾರ್ಡು ತೋರಿಸಿ ಬೈದಿದ್ದೆ. ತನ್ನ ಗಡಿಯಾರ ಸರಿ ಇದೆ ಎಂದು ಹಟ ಹಿಡಿದ. ಊರವರೆಲ್ಲ ಅವನ ಸೈರನ್ನಿಗೆ ಕಾದರು. ನಾನು ಮಾತ್ರ ಮನೆಯಲ್ಲಿ ಕಾರ್ಡಿನ ಪ್ರಕಾರ ಖರ್ಜೂರ ಬಾಯಿಗೆ ಹಾಕಿದೆ. ನನ್ನ ಕಾರ್ಡಿನಲ್ಲಿ ಶಹಾಬಾದದ ಅಂಕಣ ಎಂದೂ ತಪ್ಪುವುದಿಲ್ಲ. ಈ ಸಲವಾದರೂ ಗಡಿಯಾರ ಸರಿ ಮಾಡಿಸು ಎಂದೆ. ನಕ್ಕು ಹೋದ. ಇವರಿಗೆಲ್ಲ ನಿಮಿಷದ ಬೆಲೆ ಗೊತ್ತಿಲ್ಲ.

ಜನವರಿ 20, ಮಂಗಳವಾರ

ನಾಹಿದಳ ಜೊತೆ ಜಗಳ, ಗೀಟಿನ ಬಗ್ಗೆ. ಪಟ್ಟಿಗೆ ಉದ್ದಗೀಟು ಬೇಡ, ಅಡ್ಡಗೀಟು ಸಾಕು, ಒಳ್ಳೆಯ ಪಟ್ಟಿಗೆ ಉದ್ದಗೀಟು ಇರುವುದಿಲ್ಲ ಎಂದಳು. ಗೀಟಿಗೆಂದು ಹಿತ್ತಾಳೆಯ ಪಟ್ಟಿ ಕತ್ತರಿಸಿ ಕತ್ತರಿಸಿ ನನ್ನ ಹೆಬ್ಬೆರಳು ಇವತ್ತಿಗೂ ಸೊಟ್ಟ. ಆ ಬೆರಳನ್ನು ತೋರಿಸಿ, ಇದು ಏನು ಸುಮ್ಮನೆ ಸೊಟ್ಟಾಯಿತೇ ಎಂದೆ. ಅವಳು ಎರಡೂ ಥರ ತೆಗೆದು ತೋರಿಸಿದಳು. ಉದ್ದಗೀಟು ಇದ್ದದ್ದು ಜೈಲಿನ ಕಿಟಕಿಯ ಹಾಗಿತ್ತು. ಇಲ್ಲದ್ದರಲ್ಲಿ ಕಣ್ಣು ಸಲೀಸಾಗಿ ಓಡಿತು. ಸೀಸದಲ್ಲಿ ಗೀಟಿಲ್ಲದಿದ್ದರೆ ಅಂಕಣ ಅಲ್ಲಾಡುತ್ತಿತ್ತು, ಅದಕ್ಕೆ ಹಾಕುತ್ತಿದ್ದೆವು, ಅಂದಕ್ಕಲ್ಲ. ತೆಗೆದೆ.

ಆದರೆ ಹತ್ತನೇ ರೋಜಾ, ಇಪ್ಪತ್ತನೇ ರೋಜಾ ಆದ ಮೇಲೆ ಅಡ್ಡಗೀಟು ಹಾಕಿಸಿದೆ. ರಂಜಾನಿನ ಮೂರು ಹತ್ತುಗಳೂ ಬೇರೆ ಬೇರೆ ಕಾಣಬೇಕು. ಅಡುಗೆಮನೆಯಲ್ಲಿ ಹೊಗೆಯ ನಡುವೆ ನೋಡುವವರಿಗೆ ಬೆರಳಿಟ್ಟುಕೊಳ್ಳಲು ಒಂದು ಜಾಗ ಬೇಕು. ನಾಹಿದ ಇದು ತನಗೆ ಹೊಳೆದಿರಲಿಲ್ಲ ಎಂದಳು. ಹೊಳೆಯುವುದಿಲ್ಲ, ಪುಸ್ತಕದಲ್ಲಿ ಇರುವುದಿಲ್ಲ.

ಸಂಜೆ ಗುಲಾಮ್ ರಸೂಲ್ ಫೋನು. ಸಮಿತಿಯವರು ಹೋದ ವರ್ಷದ ಕಾರ್ಡನ್ನು ಊರೂರಿಗೆ ಕೇಳಿ ನೋಡಿದ್ದಾರಂತೆ. ನಾಲ್ಕು ಊರಿನದೂ ತಪ್ಪು, ಚಿತ್ತಾಪುರದ್ದು ಮಾತ್ರ ಸರಿಯಂತೆ. ಶಹಾಬಾದದ್ದು ಹೇಗೆ ತಪ್ಪುತ್ತದೆ ಎಂದು ಕೇಳಿದೆ. "ನೀವ ನೋಡ್ರಿ ಗನಿಭಾಯ್," ಎಂದು ಇಟ್ಟುಬಿಟ್ಟರು. ನಾನು ನೋಡುವ ಅಗತ್ಯವಿಲ್ಲ. ಕಂಪ್ಯೂಟರಿನ ಹುಚ್ಚಾಟಕ್ಕೆ ಲೆಕ್ಕ ಇರುತ್ತದೆಯೇ? ನಾಲ್ಕನ್ನು ಕೆಡಿಸಿ ಒಂದನ್ನು ಬಿಟ್ಟಿದೆ.

ಜನವರಿ 25, ಭಾನುವಾರ

ಮೂವತ್ತು ಸಾಲೂ ಮುಗಿದವು. ಮುನ್ನೂರ ಮೂವತ್ತು ಗುರುತು, ಎಲ್ಲ ನನ್ನ ಕೈಯಿಂದ. ಇಂಥ ಅಂಕಿಗಳನ್ನು ಯಂತ್ರವೇ ತುಂಬುವ ಹಾಗೆ ಮಾಡಬಹುದು ಎಂದು ನಾಹಿದ ಇವತ್ತು ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರ ನೀವು ಕೇಳತಿದ್ರ್ಯಾ?"

ಇಲ್ಲ ಎಂದೆ. ಮಗ ಮುಜೀಬ ನಕ್ಕ. ಅವನು ಸಿಮೆಂಟ್ ಕಾರ್ಖಾನೆಯಲ್ಲಿ ಚೀಲ ಎಣಿಸುವವನು, ಅವನಿಗೇನು ಗೊತ್ತು.

ಜನವರಿ 28, ಬುಧವಾರ

ನಾಹಿದ ಶಾಲೆಯಿಂದ ನಮೂನೆ ಅಚ್ಚು ಹಾಕಿಸಿ ತಂದಳು. ತಾಳೆ ನೋಡಲು ಹೋದ ವರ್ಷದ ಕಾರ್ಡನ್ನು ಪಕ್ಕದಲ್ಲಿ ಇಟ್ಟುಕೊಂಡೆ. ವರ್ಷವಾದ ಮೇಲೆ ಮೊದಲ ಸಲ ಅದನ್ನು ಕೈಗೆ ತೆಗೆದುಕೊಂಡದ್ದು.

ಹೊಸದರಲ್ಲಿ ಮೊದಲ ದಿನದ ಇಫ್ತಾರ್ ಶಹಾಬಾದದ 6:26ರಿಂದ ಶುರುವಾಗಿ ಚಿಂಚೋಳಿಗೆ ಹೋಗುವಷ್ಟರಲ್ಲಿ 6:24. ಎಡದಿಂದ ಬಲಕ್ಕೆ ಇಳಿಯುತ್ತದೆ. ಹಳೆಯದರಲ್ಲೂ ಇಳಿಯುತ್ತದೆ, 6:29ರಿಂದ 6:27ಕ್ಕೆ. ಅಂಕಿಗಳು ಇರಬೇಕಾದ ಹಾಗೆ ಇವೆ. ಆದರೆ ಹಳೆಯದರ ಮೇಲಿನ ಹೆಸರುಗಳು ಚಿಂಚೋಳಿಯಿಂದ ಶುರುವಾಗಿ ಶಹಾಬಾದಕ್ಕೆ ಮುಗಿದಿವೆ.

ಐದು ಹೆಸರನ್ನು ಹಿಂದುಮುಂದು ಮಾಡಿದರೆ ನಡುವಿನದು ನಡುವೆಯೇ ಉಳಿಯುತ್ತದೆ. ಚಿತ್ತಾಪುರ.

ಚೀಟಿ ಬರೆದವನು ಯಾರು ಎಂದು ಯಾರನ್ನೂ ಕೇಳಬೇಕಿಲ್ಲ.

ಜನವರಿ 29, ಗುರುವಾರ

ಬೆಳಿಗ್ಗೆ ಸಿದ್ದಲಿಂಗೇಶನ ಅಂಗಡಿಗೆ ಹೋದೆ. ಅವನ ಅಪ್ಪ ಸಾಯಬಣ್ಣ ಧಣಿಯ ಪ್ರೆಸ್ಸು ಇದ್ದದ್ದು ಅದೇ ಜಾಗದಲ್ಲಿ. ನಾನು ಹಸಿ ಹುಡುಗನಾಗಿ ಸೇರಿದ್ದೂ ಅಲ್ಲೇ. ಹಳೆಯ ಹಾಸುಗಲ್ಲಿನ ಮೇಲೆ ಈಗ ಜೆರಾಕ್ಸ್ ಯಂತ್ರ ಕೂತಿದೆ. ನನ್ನನ್ನು ಕಂಡು ಗಿರಾಕಿಗಳು ಇಬ್ಬರು ಹೊರಗೆ ಸರಿದರು, ಮತ್ತೆ ಒದರಾಟ ಶುರುವಾಗುತ್ತದೆ ಎಂದುಕೊಂಡಿರಬೇಕು.

"ಬರ್ರಿ ಚಾಚಾ, ಕುಂದ್ರಿ," ಎಂದ ಸಿದ್ದಲಿಂಗೇಶ. ಕುರ್ಚಿ ಒರೆಸಿದ.

ಹೋದ ವರ್ಷ ನಾನು ಕೊಟ್ಟ ತಲೆಸಾಲಿನ ಚೀಟಿ ಇದೆಯೇ ಎಂದೆ. ಮೊದಲಿನ ವರ್ಷಗಳಲ್ಲಿ ಹಳೆಯ ಫೈಲಿನ ಮೇಲೆಯೇ ಹೊಸ ಅಂಕಿ ಹಾಕುತ್ತಿದ್ದೆವು, ಚೀಟಿ ಬೇಕಾಗಿರಲಿಲ್ಲ. ಹೋದ ವರ್ಷ ಅವನ ಹಳೆಯ ಕಂಪ್ಯೂಟರ್ ಸತ್ತು, ಎಲ್ಲ ಹೊಸದಾಗಿ ಮಾಡಬೇಕಾಗಿ ಬಂದಿತ್ತು. ಅವನು ನನ್ನ ಮುಖ ನೋಡಿದ. ಬಿಡಿ ಚಾಚಾ, ಹಳೆಯದು ಎಂದ. ಇದೆಯೋ ಇಲ್ಲವೋ ಎಂದೆ. ಕಪಾಟಿನ ಫೈಲಿನಿಂದ ತೆಗೆದು ಕೊಟ್ಟ. ಬೀಡಿ ಕಟ್ಟಿನ ಹಿಂಬದಿಯ ಕಾಗದ, ನನ್ನ ಕೈಬರಹ. ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ. ಪ್ರೂಫ್ ನೋಡಿ ಸರಿ ಎಂದು ಸಹಿ ಮಾಡಿದ್ದೂ ನಾನೇ. ಮುನ್ನೂರು ಅಂಕಿಗಳನ್ನೂ ಓದಿದ್ದೆ. ತಲೆಸಾಲು ಕಣ್ಣಿಗೆ ಸರಿಯಾಗಿಯೇ ಕಂಡಿತ್ತು.

ಅಷ್ಟು ಮಂದಿಯ ಎದುರು ಬೈದೆನಲ್ಲ, ಅವತ್ತೇ ಇದನ್ನು ಯಾಕೆ ಮುಖಕ್ಕೆ ಹಿಡಿಯಲಿಲ್ಲ ಎಂದು ಕೇಳಿದೆ.

"ಹಿಡದಿದ್ರ ಇನ್ನೂ ಜೋರ ಒದರತಿದ್ರಿ," ಎಂದ. ಆಮೇಲೆ ಕಪಾಟು ಮುಚ್ಚುತ್ತ, "ಅಪ್ಪ ಹೇಳತಿದ್ದ, ಚಾಚಾ ಏನ ಬರಕೊಡತಾನ ಹಂಗೇ ಹಾಕು, ನಿನ್ನ ಶ್ಯಾಣ್ಯಾತನ ನಡುವ ತರಬ್ಯಾಡ ಅಂತ. ಹಂಗೇ ಹಾಕೀನಿ ಚಾಚಾ."

ಇಬ್ಬರೂ ಚಹಾ ಕುಡಿದೆವು. ಹೊರಗೆ ನಿಂತಿದ್ದ ಗಿರಾಕಿಗಳನ್ನು ಒಳಗೆ ಕರೆದೆ. ಅವತ್ತು ಇವನಿಗೆ ಬೈದಾಗ ನೀವು ಇದ್ದಿರೇನು ಎಂದೆ. ಒಬ್ಬ ಇದ್ದೆ ಎಂದ. ಚೀಟಿ ಅವನ ಕೈಗೆ ಕೊಟ್ಟು, ತಪ್ಪು ನನ್ನದು, ಓದಿ ನೋಡು, ನಾಲ್ಕು ಮಂದಿಗೆ ಹೇಳು ಎಂದೆ. ಅವನು ಓದಿ, ಏನೂ ತಿಳಿಯದೆ, ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿದ.

ಈ ವರ್ಷದ ಕಾರ್ಡೂ ನಿನ್ನಲ್ಲೇ ಅಚ್ಚಾಗುವುದು ಎಂದು ಸಿದ್ದಲಿಂಗೇಶನಿಗೆ ಹೇಳಿ ಬಂದೆ.

ಚೀಟಿಯನ್ನು ಈ ಪುಟಕ್ಕೆ ಅಂಟಿಸಿದ್ದೇನೆ.

ಸಂಜೆ ನಾಹಿದಳನ್ನು ಕೇಳಿದೆ, ನಿನಗೆ ಹನ್ನೆರಡನೇ ತಾರೀಖೇ ಗೊತ್ತಾಗಿತ್ತಲ್ಲವೇ ಎಂದು. ಹೌದು ಎಂದಳು. ಯಾಕೆ ಹೇಳಲಿಲ್ಲ ಎಂದು ಈ ಸಲ ಕೇಳಲಿಲ್ಲ.

ಜನವರಿ 31, ಶನಿವಾರ

ಐನಾಪುರಕ್ಕೆ ಹೋಗಿ ಬಂದೆ. ಶಹಾಬಾದ ಬಿಟ್ಟು ವಾಡಿ, ಚಿತ್ತಾಪುರ, ಮಳಖೇಡದ ಕಾಗಿಣಾ ಸೇತುವೆ ದಾಟಿ ಸೇಡಂ, ಆಮೇಲೆ ಚಿಂಚೋಳಿ. ಮೂರು ಬಸ್ಸು. ನಾನು ಹೋದ ದಾರಿಯೇ ತಲೆಸಾಲು. ಇಷ್ಟು ವರ್ಷ ಹೋಗಿದ್ದೇನೆ, ಎಂದೂ ಹೊಳೆದಿರಲಿಲ್ಲ. ಎಲ್ಲ ಊರಲ್ಲೂ ಬಸ್ಸು ಹತ್ತುವವರನ್ನು ನೋಡುತ್ತ ಕೂತೆ. ಇವರಲ್ಲಿ ಯಾರ ಮನೆಯ ಗೋಡೆಗೆ ನನ್ನ ಕಾರ್ಡು ತೂಗಿತ್ತೋ.

ಜೈತುನ್‌ಬೀ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಶನಿವಾರವಾದ್ದರಿಂದ ರೋಜಾ ಇರಲಿಲ್ಲ. ಇಪ್ಪತ್ನಾಲ್ಕು ಆಗಿವೆ, ಐದು ಉಳಿದಿವೆ ಎಂದು ಅವಳೇ ಹೇಳಿದಳು. ಬಡವಾಗಿದ್ದಾಳೆ. ನಾನು ಕೂರಲಿಲ್ಲ. ಹೋದ ವರ್ಷದ ಕಾರ್ಡು ಕೆಡಿಸಿದ್ದು ಸಿದ್ದಲಿಂಗೇಶನಲ್ಲ, ನಾನು ಎಂದೆ. ಕಲ್ಲಿನ ವಿಷಯ, ಚೀಟಿಯ ವಿಷಯ ಎಲ್ಲ ಹೇಳಿದೆ. ಅವಳು ಮೊರ ಕೆಳಗಿಡದೆ ಕೇಳಿದಳು.

"ಸಣ್ಣಾಂವ ಇದ್ದಾಗ ಚಪ್ಪಲಿ ಉಲ್ಟಾ ಹಾಕ್ಕೊಂಡು ಊರೆಲ್ಲ ತಿರಗತಿದ್ದಿ," ಎಂದಳು. "ಅಮ್ಮೀ ಹೇಳಿದ್ರ, ನಂದು ಸರಿ ಅದ, ಕಾಲೇ ಹಿಂಗ ಅದಾವ ಅಂತಿದ್ದಿ."

ನನಗೆ ನಗು ಬರಲಿಲ್ಲ. ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು.

"ಶಹಾಬಾದದ್ದೂ ಉಲ್ಟಾ ಅಂದ್ರ, ನೀ ಯಾವದರ ಮ್ಯಾಲ ರೋಜಾ ಬಿಟ್ಟಿ ಭಾಯಿ? ಸೈರನ್ ಮ್ಯಾಲೋ, ಕಾರ್ಡ್ ಮ್ಯಾಲೋ?"

ಮೌಜನನಿಗೆ ಬೈದದ್ದು ಆಗ ನೆನಪಾಯಿತು. ಇಪ್ಪತ್ತೊಂಬತ್ತು ಸಂಜೆಯೂ ಎರಡು ನಿಮಿಷ ಮೊದಲೇ ಖರ್ಜೂರ ಬಾಯಿಗೆ ಹಾಕಿದ್ದೇನೆ. ಊರಿಗೆ ಊರೇ ಸೈರನ್ನಿಗೆ ಕಾದಿತ್ತು. ಶಹಾಬಾದದಲ್ಲಿ ನನ್ನ ಕಾರ್ಡನ್ನು ಪೂರ್ತಿ ನಂಬಿದವನು ನಾನೊಬ್ಬನೇ ಇರಬೇಕು.

ಅವಳು ಬುತ್ತಿ ಕಟ್ಟಿಕೊಟ್ಟಳು. ಹೊರಡುವಾಗ ಈ ಸಲದ ಕಾರ್ಡು ಯಾರು ಜೋಡಿಸಿದ್ದು ಎಂದಳು. ನಾನು ಎಂದೆ.

"ಹಂಗಾರ ಮೊದಲನೇದು ನಂಗ ಕಳಸು."

ಬರುವಾಗ ಊರುಗಳು ಉಲ್ಟಾ ಬಂದವು. ಬಸ್ಸಿಗೆ ಅದು ತಪ್ಪಲ್ಲ.

ಫೆಬ್ರವರಿ 1, ಭಾನುವಾರ

ವಾಡಿಯಲ್ಲಿ ಸಮಿತಿ ಕೂತಿತು. ನಾಹಿದಳೂ ಬಂದಿದ್ದಳು. ಗುಲಾಮ್ ರಸೂಲ್ ತಮ್ಮ ಹಾಳೆ ಹಿಡಿದು ಒಂದೊಂದು ಅಂಕಿ ಕೂಗಿದರು, ಇನ್ನೊಬ್ಬರು ನಮ್ಮ ನಮೂನೆಯಲ್ಲಿ ಬೆರಳಿಟ್ಟು ಹೂಂ ಎಂದರು. ಮುನ್ನೂರು ಹೂಂ. ಒಂದೂ ತಪ್ಪಲಿಲ್ಲ. ತಲೆಸಾಲನ್ನು ಯಾರೂ ಓದಲಿಲ್ಲ. ನಾನೇ ಎದ್ದು, ಅದನ್ನೂ ಓದಿರಿ ಎಂದು ಓದಿಸಿದೆ.

ಕಾರ್ಡು ಅಚ್ಚುಕಟ್ಟಾಗಿದೆ ಎಂದು ಎಲ್ಲರೂ ಹೇಳಿದರು. ಉದ್ದಗೀಟು ಇಲ್ಲದ್ದು ಯಾರ ಗಮನಕ್ಕೂ ಬರಲಿಲ್ಲ, ಹತ್ತರ ಗೀಟು ಎಲ್ಲರಿಗೂ ಹಿಡಿಸಿತು. ಆಮೇಲೆ ಕೊನೆಯ ಸಾಲಿಗೆ ಬಂದರು. ಮೂವತ್ತನೇ ರೋಜಾದ ಕೆಳಗೆ ಒಂದು ಗೀಟು, ಅದರ ಕೆಳಗೆ ಹನ್ನೆರಡು ಅಂಕಣವನ್ನೂ ತಿಂದು ಹಾಸಿಕೊಂಡ ಒಂದೇ ಸಾಲು. ಹನ್ನೆರಡು ಎಂದು ನಾನೇ ಬರೆದದ್ದು, ನಾಹಿದ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅದರಲ್ಲಿ ಇರುವುದು ಇದು:

'ಹೋದ ವರ್ಷದ ಕಾರ್ಡಿನಲ್ಲಿ ಊರಿನ ಹೆಸರುಗಳು ಹಿಂದುಮುಂದಾಗಿದ್ದವು. ಚಿತ್ತಾಪುರ ಬಿಟ್ಟು ಉಳಿದ ನಾಲ್ಕು ಊರಿನಲ್ಲಿ ಆ ಕಾರ್ಡು ನೋಡಿ ರೋಜಾ ಹಿಡಿದವರು, ಬಿಟ್ಟವರು ತಮ್ಮ ಮೌಲಾನಾರನ್ನು ಕೇಳಿಕೊಳ್ಳಿ. ತಪ್ಪು ಜೋಡಿಸಿದವನದು, ಅಚ್ಚು ಮಾಡಿದವನದಲ್ಲ. ಗನಿಸಾಬ, ಶಹಾಬಾದ.'

ಗುಲಾಮ್ ರಸೂಲ್ ಕನ್ನಡಕ ತೆಗೆದರು.

"ಕಾರ್ಡ್ ಅವ್ವಲ್ ನಂಬರ್ ಆಗ್ಯದ ಗನಿಭಾಯ್. ಆದ್ರ ಈ ಸಾಲು ಯಾಕ ಬೇಕ್ರಿ? ಹೋದ ವರ್ಷದ್ದು ಮಂದಿ ಮರತಾರ. ನಾವೇ ಎಬ್ಬಿಸಿ, ಇಪ್ಪತ್ತೊಂಬತ್ತು ಮತ್ತ ಹಿಡೀರಿ ಅಂದ್ರ ನಮ್ಮ ಮೈಮ್ಯಾಲ ಬರತಾರ."

ಮರೆತವರಿಗಲ್ಲ, ಗೊತ್ತೇ ಇಲ್ಲದವರಿಗೆ ಎಂದೆ. ವಿಚಾರ ಮಾಡಿ ತಿಳಿಸುತ್ತೇವೆ ಎಂದರು.

ಫೆಬ್ರವರಿ 2, ಸೋಮವಾರ

ನಾನು ಮತ್ತೆ ಹಿಡಿಯುವ ಇಪ್ಪತ್ತೊಂಬತ್ತರಲ್ಲಿ ಇವತ್ತು ಮೊದಲನೆಯದು. ಜೈತುನ್‌ಬೀಯದು ಇಪ್ಪತ್ತೈದನೆಯದು.

ಫೆಬ್ರವರಿ 5, ಗುರುವಾರ

ನಾಲ್ಕು. ಅವಳು ವಾರಕ್ಕೆರಡು, ನಾನು ದಿನಾ. ಮೌಜನನ ಹತ್ತಿರ ಹೋಗಿ, ನಿನ್ನ ಗಡಿಯಾರ ಸರಿ ಇತ್ತು ಎಂದೆ. ಗೊತ್ತು ಎಂದ. ಅವನ ಮೇಲೆ ಸಿಟ್ಟು ಬಂತು, ಇಫ್ತಾರಿಗೆ ಅವನ ಜೊತೆಯೇ ಕೂತೆ.

ಹೊಟ್ಟೆ ಖಾಲಿ ಇದ್ದರೂ ಅಬ್ಬಾ ಈಗ ಒದರುವುದು ಕಡಿಮೆ ಎಂದು ನಾಹಿದ ಮುಜೀಬನಿಗೆ ಹೇಳುತ್ತಿದ್ದಳು. ಅಂಥದ್ದೇನೂ ಇಲ್ಲ. ಒದರಲು ಕಾರಣ ಸಿಕ್ಕಿಲ್ಲ.

ಅವಳ ಎಂಟನೇ ತರಗತಿಯ ಅಂಕಪಟ್ಟಿಯಲ್ಲಿ ಎರಡು ಸಾಲಿಗೆ ಗುರುತು ಕಡಿಮೆ ಇತ್ತು. ಕೊನೆಯ ಮನೆ ಖಾಲಿ. ಕಂಡುಹಿಡಿದು ಸರಿ ಮಾಡಿ ಕೊಟ್ಟೆ.

ಫೆಬ್ರವರಿ 7, ಶನಿವಾರ

ಗುಲಾಮ್ ರಸೂಲ್ ಫೋನು ಮಾಡಿದರು. ಕಾರ್ಡು ಒಪ್ಪಿದ್ದಾರೆ. ಕೊನೆಯ ಸಾಲು ತೆಗೆದು ಫೈಲು ಕಳಿಸಬೇಕಂತೆ. ಅಡಿಯಲ್ಲಿ ನನ್ನ ಹೆಸರು ಮೊದಲಿನ ಹಾಗೇ ಇರಲಿ, ಬೇಕಾದರೆ ದೊಡ್ಡಕ್ಷರದಲ್ಲಿ ಹಾಕೋಣ ಎಂದರು.

ತಿಂಗಳ ಹಿಂದೆ ಇದಕ್ಕಿಂತ ಹೆಚ್ಚು ಏನೂ ಬೇಕಾಗಿರಲಿಲ್ಲ.

ಫೆಬ್ರವರಿ 8, ಭಾನುವಾರ

ಏಳು. ರಂಜಾನಿಗೆ ಮೊದಲು ಹದಿನಾರು ಆಗುತ್ತವೆ. ಉಳಿದ ಹದಿಮೂರು ಈದ್ ಆದ ಮೇಲೆ.

ಗುಲಾಮ್ ರಸೂಲ್‌ಗೆ ಫೋನಿನಲ್ಲಿ ಹೇಳಿದರೆ ಮಾತಿಗೆ ಮಾತು ಬೆಳೆಯುತ್ತದೆ. ಕಾಗದ ಬರೆದು ಸಿದ್ದಲಿಂಗೇಶನ ಕೈಯಲ್ಲಿ ವಾಡಿಗೆ ಕಳಿಸಿದ್ದೇನೆ. ಏನು ಕಳಿಸಿದೆ ಎಂದು ಬರೆದಿಡಬೇಕಲ್ಲ, ನಕಲು ಇಲ್ಲಿದೆ.

'ಗುಲಾಮ್ ರಸೂಲ್ ಭಾಯಿಯವರಿಗೆ ಸಲಾಮ್. ಆ ಸಾಲು ತೆಗೆಯುವುದಿಲ್ಲ. ಅದನ್ನು ತೆಗೆದರೆ ನನ್ನ ಹೆಸರನ್ನೂ ತೆಗೆಯಿರಿ, ಕಾರ್ಡನ್ನು ಕಲಬುರಗಿಯಲ್ಲಿ ಮಾಡಿಸಿಕೊಳ್ಳಿ, ನನಗೆ ಬೇಸರವಿಲ್ಲ. ಆದರೆ ಆಗ ನಾನು ಈ ಐದು ಊರಿಗೂ ಹೋಗಿ, ಒಂದೊಂದು ಜುಮ್ಮಾಕ್ಕೆ ಒಂದೊಂದು ಮಸೀದಿಯಲ್ಲಿ ಎದ್ದು ನಿಂತು, ಅದೇ ಸಾಲನ್ನು ಬಾಯಿಂದ ಹೇಳುತ್ತೇನೆ. ಚಿತ್ತಾಪುರಕ್ಕೂ ಹೋಗುತ್ತೇನೆ, ನಿಮ್ಮದು ಸರಿ ಇತ್ತು ಎಂದು ಹೇಳಲು. ನನ್ನ ತಂಗಿಗೆ ಸುದ್ದಿ ಮುಟ್ಟಿತು, ಅವಳು ಹಿಡಿದು ತೀರಿಸುತ್ತಿದ್ದಾಳೆ. ಅವಳ ಹಾಗೆ ಕಾರ್ಡು ನೋಡಿ ಲೋಟ ಬೋರಲು ಹಾಕಿದವರು ಇನ್ನೂ ಎಷ್ಟು ಮಂದಿ ಇದ್ದಾರೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವರು ಏನು ಮಾಡಬೇಕು ಎಂದು ಅವರ ಮೌಲಾನಾ ಹೇಳುತ್ತಾರೆ. ತಿಳಿಸುವುದು ನಮ್ಮ ಕೆಲಸ. ಅಚ್ಚು ಸಿದ್ದಲಿಂಗೇಶನಲ್ಲೇ ಆಗಬೇಕು. ಅಂಗಡಿಗೆ ಎರಡು ದಿನ ಬೇಕು, ಐದು ಊರಿಗೆ ಹಂಚಲು ಮೂರು ದಿನ. ಹದಿನೆಂಟಕ್ಕೆ ರಂಜಾನಿನ ಚಂದ್ರ ಕಾಣಬಹುದು, ಅದಕ್ಕೆ ಫೆಬ್ರವರಿ ಹನ್ನೊಂದು, ಬುಧವಾರ, ಸಂಜೆಯ ಅಸರ್ ನಮಾಜಿನ ಒಳಗೆ ಹೌದೋ ಅಲ್ಲವೋ ಉತ್ತರ ಬೇಕು.'